ಗೆರೆಯಿಂದ ಒಂದಡಿ ಆಚೆಗೆ

ಆ ನವೆಂಬರಿನಲ್ಲಿ ಅಕಿಹೊ ಕುರೊಸೆಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ನಗರಸಭೆಯ ರಸ್ತೆ ವಿಭಾಗದಲ್ಲಿ ಅವಳ ಮೇಜು ಕಿಟಕಿಯ ಪಕ್ಕಕ್ಕಿತ್ತು. ಗಾಳಿ ಬೀಸಿದಾಗಲೆಲ್ಲ ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದು ಹೊರಗೆ ನೋಡುವಳು. ಗಾಳಿ ಎಂದರೆ ಎಲೆ, ಎಲೆ ಎಂದರೆ ಅಬುರಾಯಾ ಬೀದಿ, ಅಬುರಾಯಾ ಬೀದಿ ಎಂದರೆ ಸೈಕಲ್ಲುಗಳಿಗೆಂದು ತಾನೇ ಎಳೆಸಿದ ನೀಲಿ ಪಟ್ಟಿ. ಪಕ್ಕದ ಮೇಜಿನವರು ಒಮ್ಮೆ, ಮಳೆ ಬರುತ್ತಾ ನೋಡ್ತಿದೀರಾ ಎಂದು ಕೇಳಿದ್ದರು. ಹೌದು ಎಂದು ಸುಳ್ಳು ಹೇಳಿ ಕೂತಿದ್ದಳು.

ಆ ಪಟ್ಟಿ ಸುಮ್ಮನೆ ಬಂದದ್ದಲ್ಲ. ಅಬುರಾಯಾ ಬೀದಿ ಹಳೆಯದು, ಕಿರಿದು. ಎರಡು ಕಾರು ಎದುರುಬದುರಾದರೆ ಒಂದು ಉಸಿರು ಬಿಗಿಹಿಡಿಯಬೇಕು. ಅದರಲ್ಲೇ ರೈಲ್ವೆ ಸ್ಟೇಷನ್ನಿನಿಂದ ಸೇತುವೆ ದಾಟಿ ಹೈಸ್ಕೂಲಿನವರೆಗೆ ಸೈಕಲ್ಲುಗಳು ಹೋಗಬೇಕು. ಕಾಲುದಾರಿಗೆ ಹತ್ತಿದರೆ ಮುದುಕರು ಬೈಯುತ್ತಾರೆ, ರಸ್ತೆಗಿಳಿದರೆ ಲಾರಿ ಹಾರ್ನ್ ಹೊಡೆಯುತ್ತದೆ. ಹಿಂದಿನ ವರ್ಷ ವಸಂತದಲ್ಲಿ ಅಕಿಹೊಳ ಮಗಳು ಕೊತೊಹ ಶಾಲೆಗೆ ಹೋಗುವಾಗ ಸೇತುವೆಯ ಆಚೆ ಒಂದು ಲಾರಿಯ ಕನ್ನಡಿ ಅವಳ ಭುಜ ಸವರಿಕೊಂಡು ಹೋಗಿತ್ತು. ಬಿದ್ದಿರಲಿಲ್ಲ, ನೀಲಿಗಟ್ಟಿತ್ತು ಅಷ್ಟೇ. ಮಗಳು ಸಂಜೆ ಅನ್ನ ಬಡಿಸಿಕೊಳ್ಳುತ್ತ, ಯಾರದೋ ಕತೆ ಹೇಳುವಂತೆ ಅದನ್ನು ಹೇಳಿದ್ದಳು. ಅಕಿಹೊಗೆ ಆ ರಾತ್ರಿ ಅನ್ನ ಇಳಿಯಲಿಲ್ಲ. ಮರುದಿನವೇ ಯಾವುದೋ ಕಾಲದಿಂದ ಕಪಾಟಿನಲ್ಲಿ ಮಲಗಿದ್ದ ಸೈಕಲ್ ದಾರಿಯ ಯೋಜನೆಯನ್ನು ಎಬ್ಬಿಸಿದಳು. ಮಗಳ ವಿಷಯವನ್ನು ಮಾತ್ರ ಕಚೇರಿಯಲ್ಲಿ ಬಾಯಿಬಿಡಲಿಲ್ಲ. ಸ್ವಂತಕ್ಕಾಗಿ ಸರ್ಕಾರಿ ಬಣ್ಣ ಬಳಿಸಿದಳು ಅಂತ ಅನ್ನಿಸಿಕೊಳ್ಳುವುದು ಯಾರಿಗೆ ಬೇಕು?

ಯೋಜನೆ ಎಂದರೆ ನಕ್ಷೆಯ ಮೇಲೆ ಗೆರೆ ಎಳೆಯುವುದು ಎಂದುಕೊಂಡವರು ಒಮ್ಮೆ ಆ ಕೆಲಸ ಮಾಡಿ ನೋಡಬೇಕು. ಅಂಗಡಿಗಳಿಗೆ ಸಾಮಾನು ಇಳಿಸುವ ವ್ಯಾನುಗಳಿಗೆ ಪಕ್ಕದ ಓಣಿಯಲ್ಲಿ ಜಾಗ ಹುಡುಕಿದಳು. ದಾರಿಗೆ ಅಡ್ಡ ನಿಂತಿದ್ದ ವಿದ್ಯುತ್ ಕಂಬ ಸರಿಸಲು ಕಂಪನಿಯವರ ಬಾಗಿಲಿಗೆ ಅಲೆದಳು. ಮನೆಮನೆಯ ಮುಂದೆ ರಸ್ತೆಗೇ ಇಳಿದು ನಿಂತಿದ್ದ ಹೂಕುಂಡಗಳನ್ನು ಒಳಗೆ ಸರಿಸಿಕೊಳ್ಳಿ ಎಂದು, ಆ ಮಾತನ್ನೇ ಆಡದೆ ತಿಳಿಸಿದಳು. ಕೊನೆಗೆ ನಗರಸಭೆ ಅರ್ಧ ಮನಸ್ಸಿನಿಂದ ಒಪ್ಪಿತು. ಸ್ಟೇಷನ್ನಿನಿಂದ ಸೇತುವೆಯವರೆಗೆ ಪರೀಕ್ಷೆಗೆಂದು ಪಟ್ಟಿ ಬಳಿಯುವುದು, ಡಿಸೆಂಬರಿನ ಸಭೆಯಲ್ಲಿ ನೋಡುವುದು. ಸರಿಯಾಗಿ ನಡೆದರೆ ಸೇತುವೆ ದಾಟಿ ಹೈಸ್ಕೂಲಿನವರೆಗೆ, ಇಲ್ಲವಾದರೆ ಇದ್ದದ್ದನ್ನೂ ಕೆರೆದು ತೆಗೆಯುವುದು. ಕೊತೊಹಳ ಭುಜಕ್ಕೆ ಕನ್ನಡಿ ತಾಗಿದ್ದು ಸೇತುವೆಯ ಆಚೆಗೆ ತಾನೆ? ಅಕಿಹೊಗೆ ಬೇಕಾಗಿದ್ದು ಆ ಆಚೆಯ ತುಂಡು.

ಕೆಲಸ ಶುರುವಾಗುವ ಮುಂಚೆ ಪದ್ಧತಿಯಂತೆ ಒಂದೊಂದು ತೆಳು ಟವೆಲ್ಲನ್ನು ಕಾಗದದಲ್ಲಿ ಸುತ್ತಿಕೊಂಡು ಬೀದಿಯ ಪ್ರತಿ ಮನೆಗೂ ಹೋಗಿ ಕೊಟ್ಟು, ಬಗ್ಗಿ ನಮಸ್ಕರಿಸಿ ಬಂದಳು. ಸದ್ದಾಗುತ್ತದೆ, ಬಣ್ಣದ ವಾಸನೆ ಬರುತ್ತದೆ, ದಯವಿಟ್ಟು ಕ್ಷಮಿಸಬೇಕು ಎಂದಳು. ಅಷ್ಟಕ್ಕೇ ನಿಲ್ಲಿಸಿದ್ದರೆ ಈ ಕತೆ ಇರುತ್ತಿರಲಿಲ್ಲ. ಒಳ್ಳೆಯತನ ಉಕ್ಕಿ ಬಂದಾಗ ನಾಲಿಗೆ ಒಂದು ಗೇಣು ಮುಂದಕ್ಕೆ ಹೋಗುತ್ತದೆ. ಪಟ್ಟಿಯ ಮೇಲೆ ಬೀಳುವ ಕಸವನ್ನೆಲ್ಲ ನಗರಸಭೆಯೇ ತೆಗೆಸುತ್ತದೆ, ನೀವು ಯಾರೂ ಪೊರಕೆ ತಾಗಿಸುವ ತೊಂದರೆ ತೆಗೆದುಕೊಳ್ಳಬೇಡಿ ಎಂದು ಮನೆಮನೆಯಲ್ಲೂ ಹೇಳಿದಳು. ಎಲ್ಲರೂ ಬಗ್ಗಿ ನಮಸ್ಕರಿಸಿದರು. ಬೀದಿಯ ನಡುಮಧ್ಯದಲ್ಲಿ ಉಪ್ಪಿನಕಾಯಿ ಅಂಗಡಿ ಇಟ್ಟಿದ್ದ ಇಸಾಯಾಮ ಅಜ್ಜಿಯಂತೂ ಎರಡು ಸಲ ಬಗ್ಗಿದಳು. ಎಂಬತ್ತು ದಾಟಿದ ಆಕೆಯೇ ಆ ಬೀದಿಗೆ ಕಣ್ಣು, ಕಿವಿ. ಬೇಕಾದಾಗ ನಾಲಿಗೆಯೂ ಹೌದು.

"ಅಯ್ಯೋ, ಎಷ್ಟೊಂದು ಯೋಚನೆ ಮಾಡಿದೀರಿ ಆಫೀಸಿನವರೇ," ಎಂದಿದ್ದಳು ಅಜ್ಜಿ. "ನಮ್ಮಂಥ ಮುದುಕರಿಗೆ ಒಂದು ಕೆಲಸ ಕಮ್ಮಿ ಮಾಡಿದ್ರಿ."

ಅಕಿಹೊ ಅದನ್ನು ಮೆಚ್ಚುಗೆ ಎಂದೇ ತಿಳಿದು ಖುಷಿಯಿಂದ ಮನೆಗೆ ಬಂದಿದ್ದಳು.

ಸೆಪ್ಟೆಂಬರಿನಲ್ಲಿ ಚರಂಡಿಯ ಅಂಚಿಗೆ ಅಂಟಿಕೊಂಡಂತೆ ಪಟ್ಟಿ ಬಿತ್ತು. ಕುದಿಯುವ ಬಣ್ಣ ಸುರಿದ ಜಾಗದಲ್ಲಿ ಹೊಗೆ ಏಳುತ್ತಿದ್ದಾಗ ಅಕಿಹೊ ಅಲ್ಲೇ ನಿಂತಿದ್ದಳು. ಮರುದಿನ ಬೆಳಿಗ್ಗೆಯೇ ಹುಡುಗ ಹುಡುಗಿಯರು, ಹಿಂದಿನ ಸೀಟಿನಲ್ಲಿ ಮಕ್ಕಳನ್ನು ಕೂರಿಸಿಕೊಂಡ ತಾಯಂದಿರು ಅದರ ಮೇಲೆ ಹೋದರು. ವಾರಕ್ಕೊಮ್ಮೆ ನಗರಸಭೆಯ ಕಸ ಗುಡಿಸುವ ಯಂತ್ರ ಗುಡುಗುಡು ಎಂದು ಬಂದು ಹೋಗುತ್ತಿತ್ತು. ಎಲ್ಲ ನೆಟ್ಟಗಿತ್ತು, ಬೀದಿಯುದ್ದಕ್ಕೂ ನಿಂತಿದ್ದ ಗಿಂಕೊ ಮರಗಳು ಹಳದಿಯಾಗುವವರೆಗೆ.

ಗಿಂಕೊ ಎಲೆ ಮರದಲ್ಲಿದ್ದಾಗ ನೋಡಲು ಚೆನ್ನ. ಬಿದ್ದು, ನೆನೆದು, ನಾಲ್ಕು ಚಕ್ರಗಳ ಅಡಿಗೆ ಸಿಕ್ಕ ಮೇಲೆ ಬಾಳೆಹಣ್ಣಿನ ಸಿಪ್ಪೆಗೂ ಅದಕ್ಕೂ ವ್ಯತ್ಯಾಸ ಇಲ್ಲ. ಯಂತ್ರ ಬಂದುಹೋದ ಸಂಜೆಗೇ ಪಟ್ಟಿ ಮತ್ತೆ ಹಳದಿ. ಅಕಿಹೊಗೆ ಅರ್ಥವಾಗದೆ ಇದ್ದದ್ದು ಬೇರೆ. ಈ ಬೀದಿಯಲ್ಲಿ ಇದಕ್ಕೂ ಮುಂಚೆ ಪ್ರತಿ ವರ್ಷವೂ ಎಲೆ ಬೀಳುತ್ತಿತ್ತಲ್ಲ, ಆಗ ಹೀಗೆ ಗುಡ್ಡೆ ಬಿದ್ದದ್ದನ್ನು ಅವಳು ಕಂಡೇ ಇರಲಿಲ್ಲ.

ತಿಂಗಳ ಮಧ್ಯದಲ್ಲಿ, ಉಪ್ಪಿನಕಾಯಿ ಅಂಗಡಿಯ ಮುಂದೆಯೇ, ಮಗುವನ್ನು ಹಿಂದೆ ಕೂರಿಸಿಕೊಂಡಿದ್ದ ಹೆಂಗಸೊಬ್ಬಳು ಜಾರಿ ಬಿದ್ದಳು. ಮಗುವಿಗೆ ಏನೂ ಆಗಲಿಲ್ಲ. ತಾಯಿಯ ಮೊಣಕಾಲು ಹರಿದು ರಕ್ತ ಬಂತು.

ವಿಭಾಗದ ಮುಖ್ಯಸ್ಥ ನೊನೊಮುರ ಅಕಿಹೊಳನ್ನು ಕರೆದ. ಆತ ಯಾರಿಗೂ ಬೈಯುವವನಲ್ಲ. ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ, ಹಲ್ಲುಗಳ ಸಂದಿಯಿಂದ ಉಸಿರೆಳೆದುಕೊಂಡು, ಸ್ವಲ್ಪ ಕಷ್ಟ ಆಗುತ್ತಲ್ಲಾ ಎನ್ನುತ್ತಾನೆ. ಆ ವಿಭಾಗದಲ್ಲಿ ಎಷ್ಟೋ ಯೋಜನೆಗಳು ಸತ್ತಿರುವುದು ಆ ಒಂದು ಉಸಿರಿಗೇ. ಯಂತ್ರವನ್ನು ದಿನವೂ ಕಳಿಸಿ ಎಂದು ಅಕಿಹೊ ಕೇಳಿದಳು. ಬೇರೆ ಬೀದಿಗಳಲ್ಲಿ ಮರಗಳಿಲ್ಲವೇ ಎಂದು ಆತ ಕೇಳಿದ. ಇನ್ನೊಬ್ಬರು ಬಿದ್ದರೆ ಸಭೆಯವರೆಗೂ ಕಾಯುವುದಿಲ್ಲ, ಅಂದೇ ಕೆರೆಸಿಬಿಡುವುದು ಎಂದೂ ಸೇರಿಸಿದ. ಹೊರಬಂದವಳು ಮೆಟ್ಟಿಲ ಮೇಲೆಯೇ ನಿಂತುಬಿಟ್ಟಳು. ಇನ್ನೊಬ್ಬರು ಎಂದರೆ ಕೊತೊಹಳೂ ಆಗಬಹುದಿತ್ತಲ್ಲ. ಮಗಳ ಕ್ಷೇಮಕ್ಕೆಂದು ಹಾಕಿದ ದಾರಿಯೇ ಮಗಳನ್ನು ಜಾರಿಸುವ ದಾರಿಯಾಗಿ ಕೂತಿತ್ತು.

ಮರುದಿನ ಬೆಳಕು ಹರಿಯುವ ಹೊತ್ತಿಗೆ ಮನೆಯಿಂದ ಬಿದಿರಿನ ಪೊರಕೆ ತಂದು ಅಬುರಾಯಾ ಬೀದಿಯನ್ನು ತಾನೇ ಗುಡಿಸತೊಡಗಿದಳು. ಸ್ಟೇಷನ್ನಿನ ಕಡೆಯಿಂದ ಶುರುಮಾಡಿ, ಮನೆಮನೆಯ ಮುಂದೆ, ಬೆವರು ಕಿತ್ತು ಬರುವ ಹಾಗೆ. ಉಪ್ಪಿನಕಾಯಿ ಅಂಗಡಿಯ ಮುಂದೆ ಬಂದಾಗ ಬಾಗಿಲು ಸರಿಯಿತು. ಇಸಾಯಾಮ ಅಜ್ಜಿ ಏಪ್ರನ್ ಕಟ್ಟಿಕೊಂಡು ಹೊರಬಂದು ಬಗ್ಗಿದಳು.

"ಬೆಳಬೆಳಗ್ಗೆ, ಇಂಥಾ ಚಳೀಲಿ," ಎಂದಳು. "ನಮ್ಮ ಮನೆ ಮುಂದೆ ಅಷ್ಟೊಂದು ಗಲೀಜಾಗಿತ್ತಾ ಅಂತ ನಾಚಿಕೆ ಆಗೋಯ್ತು ನೋಡಿ."

ಅಕಿಹೊ ಗಾಬರಿಯಾಗಿ, ಛೆ, ಹಾಗೇನಿಲ್ಲ, ಇದು ನಮ್ಮ ಕೆಲಸ ಎಂದಳು. ಅಜ್ಜಿ ನಗುತ್ತ ಬಾಗಿಲೆಳೆದುಕೊಂಡಳು. ಅತಿವಿನಯದ ಬಗ್ಗೆ ದೊಡ್ಡವರು ಹೇಳಿದ್ದು ಸುಳ್ಳಲ್ಲ. ಆದರೆ ಅಂದು ಅಕಿಹೊಗೆ ಆ ನಗು ಕಂಡಿತೇ ಹೊರತು ಅದರ ಹಿಂದೆ ಮುಚ್ಚಿದ ಬಾಗಿಲು ಕಾಣಲಿಲ್ಲ.

ಮಾರನೆಯ ಬೆಳಿಗ್ಗೆ ಅವಳು ಬರುವುದರೊಳಗೆ ಬೀದಿ ಎದ್ದು ಸಜ್ಜಾಗಿತ್ತು. ಎಲ್ಲ ಮನೆಗಳ ಮುಂದೆ ಗುಡಿಸಿ ನೀರು ಚಿಮುಕಿಸಿದ್ದರು, ಕಲ್ಲು ಮುಖ ಕಾಣುವಷ್ಟು ಹೊಳೆಯುತ್ತಿತ್ತು. ಎಲ್ಲಿಯವರೆಗೆ? ಚರಂಡಿಯ ಅಂಚಿನವರೆಗೆ. ಅಲ್ಲಿಂದ ಆಚೆ, ಚಾಕುವಿನಿಂದ ಕೊಯ್ದ ಹಾಗೆ, ನೀಲಿ ಪಟ್ಟಿಯ ಮೇಲೆ ಎಲೆಯೋ ಎಲೆ. ಒಬ್ಬರೂ ಬೈದಿರಲಿಲ್ಲ, ಕಚೇರಿಗೆ ಒಂದು ದೂರೂ ಬಂದಿರಲಿಲ್ಲ. ಅಕಿಹೊ ಪೊರಕೆ ಹಿಡಿದು ಆ ಹೊಳೆಯುವ ಕಲ್ಲುಗಳ ಮುಂದೆ ನಿಂತಳು. ಎಲ್ಲರೂ ಬಾಗಿಲ ಹಿಂದಿನಿಂದ ತನ್ನನ್ನೇ ನೋಡುತ್ತಿದ್ದಾರೆ ಎನ್ನಿಸಿತು. ಏನೋ ತಪ್ಪಿದೆ ಎಂಬುದು ಗೊತ್ತಾಗಿತ್ತು, ಏನೆಂದು ಗೊತ್ತಾಗಿರಲಿಲ್ಲ. ಅರ್ಧಕ್ಕೇ ನಿಲ್ಲಿಸಿ ಕಚೇರಿಗೆ ಹೋದಳು. ಅಂದು ಕೊಟ್ಟ ಚಹಾ ಮೇಜಿನ ಮೇಲೆಯೇ ಆರಿಹೋಯಿತು.

ಭಾನುವಾರ ಬೆಳಿಗ್ಗೆ ಕೊತೊಹ ಮನೆಯ ಮುಂದೆ ಗುಡಿಸುತ್ತಿದ್ದಳು. ಅಕಿಹೊ ಕಿಟಕಿಯಿಂದ ನೋಡಿದರೆ, ಹುಡುಗಿ ತಮ್ಮ ಮನೆಯ ಮುಂದಿನದನ್ನು ಮುಗಿಸಿ, ಪಕ್ಕದ ದೋಯಿ ಅತ್ತೆಯ ಮನೆಯ ಮುಂದೆಯೂ ಈ ತುದಿಯಿಂದ ಆ ತುದಿಯವರೆಗೆ ಗುಡಿಸಿ, ಕಸ ತುಂಬಿ ತರುತ್ತಿದ್ದಾಳೆ. ಅಕಿಹೊ ಚಪ್ಪಲಿ ಅದಲುಬದಲು ಮೆಟ್ಟಿಕೊಂಡು ಓಡಿದಳು.

"ಏನು ಮಾಡಿದೆ ನೀನು? ಒಳಗೆ ನಡಿ ಮೊದಲು."

"ಯಾಕಮ್ಮ? ದೋಯಿ ಅತ್ತೆಗೆ ಮಂಡಿ ನೋವು ಅಂದ್ರಲ್ಲ. ಅದಕ್ಕೇ ಮಾಡ್ದೆ."

"ಅವರ ಕಡೆ ಒಂದಡಿ ಗುಡಿಸ್ಬೇಕು. ಒಂದಡಿ ಅಂದ್ರೆ ಒಂದೇ ಅಡಿ. ಅವರೂ ನಮ್ಮ ಕಡೆ ಒಂದಡಿ ಗುಡಿಸ್ತಾರೆ. ಅದು ನೆರೆಹೊರೆ. ಪೂರ್ತಿ ಗುಡಿಸಿದ್ರೆ ನಿಮ್ಮ ಕೈಲಾಗಲ್ಲ, ನಿಮ್ಮ ಮನೆ ಮುಂದೆ ಗಲೀಜು ಅಂತ ಮುಖಕ್ಕೇ ಹೇಳಿದ ಹಾಗೆ. ಏನೂ ಗುಡಿಸದೆ ಗೆರೆಗೇ ನಿಲ್ಲಿಸಿದ್ರೆ ನಿಮಗೂ ನಮಗೂ ಸಂಬಂಧ ಇಲ್ಲ ಅಂದ ಹಾಗೆ. ಇಷ್ಟು ವಯಸ್ಸಾಯ್ತು, ಇಷ್ಟೂ ಗೊತ್ತಿಲ್ವಾ ನಿಂಗೆ?"

ಹೇಳುತ್ತ ಹೇಳುತ್ತ ಅಕಿಹೊಳ ದನಿ ಸಣ್ಣದಾಯಿತು. ಕೊತೊಹ ಕಸದ ಮೊರ ಹಿಡಿದು ಅಮ್ಮನ ಮುಖ ನೋಡಿದಳು. ಬೈಗುಳ ಅರ್ಧಕ್ಕೆ ನಿಂತದ್ದು ಅವಳಿಗೆ ಇದೇ ಮೊದಲು.

ಅಕಿಹೊ ಹೊಸ್ತಿಲ ಮೇಲೆ ಕೂತುಬಿಟ್ಟಳು. ಇದೇ ಪಾಠವನ್ನು ತನ್ನ ಅಮ್ಮ ತನಗೆ ಹೇಳಿದ್ದಳು, ಅಮ್ಮನಿಗೆ ಅವಳಮ್ಮ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಹಾಗೆ, ಮನೆಯಲ್ಲಿ ದಿನವೂ ಮಾಡುವುದು ಕಚೇರಿಗೆ ಹೋಗುವಾಗ ಬಾಗಿಲಲ್ಲಿಟ್ಟ ಕೊಡೆಯ ಜೊತೆ ಹೊರಗೇ ಉಳಿದುಬಿಟ್ಟಿತ್ತು. ಆ ಬೀದಿಯವರು ಮೊದಲು ಚರಂಡಿ ದಾಟಿ, ಪೊರಕೆ ಚಾಚುವಷ್ಟು ದೂರ ರಸ್ತೆಗೂ ಗುಡಿಸುತ್ತಿದ್ದರು. ಅದಕ್ಕೇ ಅಲ್ಲಿ ಎಲೆ ಗುಡ್ಡೆ ಬೀಳುತ್ತಿರಲಿಲ್ಲ. ತಾನು ಟವೆಲ್ ಹಿಡಿದುಕೊಂಡು ಮನೆಮನೆಗೆ ಹೋಗಿ, ಇನ್ನು ಮೇಲೆ ಇದು ನಿಮ್ಮದಲ್ಲ, ಪೊರಕೆ ತಾಗಿಸಬೇಡಿ ಎಂದು ನಗುನಗುತ್ತ ಹೇಳಿ ಬಂದಿದ್ದಳು. ಅದು ಸಾಲದು ಎಂದು, ಅವರೆಲ್ಲರ ಮನೆಯ ಮುಂದೆ ಇಡೀ ಪಟ್ಟಿಯನ್ನು ತಾನೇ ಗುಡಿಸಿ ಗಾಯಕ್ಕೆ ಉಪ್ಪು ಸವರಿದ್ದಳು.

ಸಿಹಿಯ ಡಬ್ಬ ಹಿಡಿದು ಮನೆಮನೆಗೆ ಹೋಗಿ ಕ್ಷಮೆ ಕೇಳಲೇ ಎಂದು ಯೋಚಿಸಿದಳು. ಕೇಳಿದರೆ ಅವರು ಏನೆಂದಾರು? ಏನಾಗಿದೆ, ಏನೂ ಆಗಿಲ್ಲವಲ್ಲ ಎಂದಾರು. ಹಾಗೆಂದ ಮೇಲೆ ಮುಗಿಯಿತು, ಮತ್ತೆ ಆ ಮಾತಿಗೆ ದಾರಿಯೇ ಇರುವುದಿಲ್ಲ. ದಯವಿಟ್ಟು ಗುಡಿಸಿ ಎಂದು ನಗರಸಭೆಯ ಹೆಸರಿನಲ್ಲಿ ಕೇಳೋಣವೆಂದರೆ, ಜನರನ್ನು ರಸ್ತೆ ಗುಡಿಸಲು ಹಚ್ಚಿ ಯಾರಿಗಾದರೂ ಏನಾದರೂ ಆದರೆ ಹೊಣೆ ಯಾರದು ಎಂದು ನೊನೊಮುರ ಉಸಿರೆಳೆಯುವುದು ಇಲ್ಲಿಗೇ ಕೇಳಿಸುತ್ತಿತ್ತು. ಮನೆಯೊಳಗೆ ಅತ್ತಿಂದಿತ್ತ ಓಡಾಡಿದಳು. ಕೊತೊಹ ಕೊನೆಗೆ, ಅಮ್ಮ, ಒಂದು ಕಡೆ ಕೂತ್ಕೋ, ನೋಡೋಕಾಗಲ್ಲ ಎಂದಳು.

ಕೂರಲಿಲ್ಲ. ಸೈಕಲ್ ಹತ್ತಿ ಅಬುರಾಯಾ ಬೀದಿಗೆ ಹೋಗಿ ಸುಮ್ಮನೆ ಈ ತುದಿಯಿಂದ ಆ ತುದಿಗೆ ನಡೆದಳು. ಉಪ್ಪಿನಕಾಯಿ ಅಂಗಡಿಗೂ ಕನ್ನಡಕದ ಅಂಗಡಿಗೂ ನಡುವೆ ಒಂದು ಚಿಕ್ಕ ಖಾಲಿ ಜಾಗವಿತ್ತು. ಬೆಂಕಿ ಬಿದ್ದರೆ ಬೇಕಾಗುತ್ತದೆಂದು ನೆಲದಡಿ ನೀರಿನ ತೊಟ್ಟಿ ಕಟ್ಟಿ, ಮೇಲೆ ಬೇಲಿ ಹಾಕಿ, ಕೆಂಪು ಫಲಕ ನಿಲ್ಲಿಸಿದ ಜಾಗ. ಬೇಲಿಯ ಬುಡದಲ್ಲಿ ಹುಲ್ಲು, ಮುಂದೆ ಹಳೆಯ ಎಲೆ, ಯಾರೋ ಎಸೆದ ಕಾಫಿ ಡಬ್ಬ. ನೂರು ಸಲ ಇದರ ಮುಂದೆ ಹೋಗಿದ್ದರೂ ಅವಳ ಕಣ್ಣಿಗೆ ಅದು ಬಿದ್ದಿರಲಿಲ್ಲ. ಆ ಜಾಗ ನಗರಸಭೆಯದು. ಆ ಬೀದಿಯಲ್ಲಿ ನಗರಸಭೆಗೂ ಒಂದು ಮನೆ ಇತ್ತು. ಆ ಮನೆಯವರು ಮಾತ್ರ ಒಂದು ದಿನವೂ ಪೊರಕೆ ಹಿಡಿದಿರಲಿಲ್ಲ.

ಸೋಮವಾರ ಬೆಳಿಗ್ಗೆ ಅಕಿಹೊ ಬಂದು ಆ ಜಾಗದ ಹುಲ್ಲು ಕಿತ್ತಳು, ಡಬ್ಬ ಎತ್ತಿದಳು, ಮುಂದೆ ಗುಡಿಸಿದಳು. ಚರಂಡಿ ದಾಟಿ, ತೊಟ್ಟಿಯ ಮುಂದಿನ ನೀಲಿಯನ್ನಷ್ಟೇ ಗುಡಿಸಿದಳು. ಆಮೇಲೆ ಉಪ್ಪಿನಕಾಯಿ ಅಂಗಡಿಯ ಕಡೆಗೆ ಒಂದಡಿ, ಕನ್ನಡಕದ ಅಂಗಡಿಯ ಕಡೆಗೆ ಒಂದಡಿ. ಅಲ್ಲಿಗೆ ನಿಲ್ಲಿಸಿದಳು. ಅದರಾಚೆಗೆ ಎಲೆ ಗುಡ್ಡೆಯಾಗಿ ಬಿದ್ದಿತ್ತು, ಇನ್ನು ಸ್ವಲ್ಪ ಹೊತ್ತಿಗೆ ಕೊತೊಹ ಅದರ ಮೇಲೆಯೇ ಸೈಕಲ್ ಹೊಡೆಯುವವಳು. ಕೈ ಪೊರಕೆಯನ್ನು ಮುಂದಕ್ಕೆ ಎಳೆಯುತ್ತಿತ್ತು. ಬಗ್ಗಿಸಿದ ಬೆನ್ನನ್ನು ಬಲವಂತವಾಗಿ ನೆಟ್ಟಗೆ ಮಾಡಿ, ಬಕೆಟ್ಟಿನ ನೀರು ಚಿಮುಕಿಸಿ ಹೊರಟಳು.

ಮಾರನೆಯ ದಿನವೂ ಅಷ್ಟೇ ಮಾಡಿದಳು. ಬೀದಿಯಲ್ಲಿ ಒಂದು ಬಾಗಿಲೂ ಅಲುಗಲಿಲ್ಲ. ಅದರ ಮಾರನೆಯ ದಿನ ಮಳೆ. ಕೊಡೆ ಹಿಡಿದು ಒಂದೇ ಕೈಯಲ್ಲಿ ಗುಡಿಸಿದಳು. ಮಗಳಿಗೆ, ಇವತ್ತು ಬಸ್ಸಿಗೆ ಹೋಗು ಎಂದರೆ ಅವಳು, ನೀನೇ ಮಾಡಿದ ದಾರೀಲಿ ಹೋಗೋಕೆ ನೀನೇ ಬಿಡಲ್ವಲ್ಲ ಎಂದು ನಕ್ಕು ಸೈಕಲ್ ಹತ್ತಿ ಹೋದಳು. ಆ ಮಾತು ಅಕಿಹೊಳನ್ನು ದಿನವಿಡೀ ಚುಚ್ಚಿತು. ಶಾಲೆ ಮುಟ್ಟಿದೆ ಎಂದು ಮಗಳಿಂದ ಸಂದೇಶ ಬರುವವರೆಗೆ ಫೋನನ್ನು ಕೈಯಿಂದ ಕೆಳಗಿಡಲಿಲ್ಲ. ಮಧ್ಯಾಹ್ನ ನೊನೊಮುರ ಬಂದು, ಸಭೆಗೆ ಮುಂಚೆ ತಾನೊಮ್ಮೆ ಬೀದಿ ನೋಡಿ ಬರುವುದಾಗಿ ಹೇಳಿದ. ಆತ ನೋಡಿದರೆ ಏನಾಗುತ್ತದೆಂದು ಇಬ್ಬರಿಗೂ ಗೊತ್ತಿತ್ತು.

ವಾರದ ಕೊನೆಯಲ್ಲಿ ಒಂದು ಬೆಳಿಗ್ಗೆ ಅಕಿಹೊ ಪೊರಕೆ ಹಿಡಿದು ತೊಟ್ಟಿಯ ಹತ್ತಿರ ಬಂದವಳು ಹಾಗೇ ನಿಂತಳು. ತೊಟ್ಟಿಯ ಮುಂದೆ, ಉಪ್ಪಿನಕಾಯಿ ಅಂಗಡಿಯ ಪಕ್ಕಕ್ಕೆ, ಒಂದಡಿ ಅಗಲ ಯಾರೋ ಆಗಲೇ ಗುಡಿಸಿದ್ದರು. ಕಲ್ಲಿನ ಮೇಲೂ, ನೀಲಿಯ ಮೇಲೂ. ನಗರಸಭೆಯ ಜಾಗದೊಳಗೆ ಸರಿಯಾಗಿ ಒಂದಡಿ. ಅಜ್ಜಿಯ ಅಂಗಡಿಯ ಮುಂದಿನ ಪಟ್ಟಿ ಪೂರ್ತಿ ಚೊಕ್ಕಟವಾಗಿ, ನೀರು ಬಿದ್ದು ನೀಲಿ ಕಡುನೀಲಿಯಾಗಿತ್ತು. ಅದರಾಚೆಯ ಮನೆಯ ಕಡೆಗೂ ಒಂದಡಿ ಹೋಗಿತ್ತು. ಅಕಿಹೊ ಬೀದಿಯೆಂದೂ ನೋಡದೆ ಅತ್ತುಬಿಟ್ಟಳು.

ಬಾಗಿಲು ಸರಿಯಿತು. ಅಜ್ಜಿ ಹೊರಗೆ ಬಂದು, ಅವಳ ಕಣ್ಣು ನೋಡದ ಹಾಗೆ ಮೇಲಿನ ಮರ ನೋಡುತ್ತ ನಿಂತಳು. ಈ ಸಲ ಬಗ್ಗಲಿಲ್ಲ.

"ಆ ಹೆಂಗಸು ಬಿದ್ದಳಲ್ಲ," ಎಂದಳು. "ಅವತ್ತು ನಂಗೆ ಊಟ ಸೇರಲಿಲ್ಲ. ಆ ಮಗೂನ ಎತ್ತಿ ನಿಲ್ಲಿಸಿದ್ದು ನಾನೇ. ನಮ್ಮ ಮನೆ ಮುಂದಿನ ಎಲೆ, ಪೊರಕೆ ಬಾಗಿಲ ಹಿಂದೇನೇ ಇತ್ತು. ಆದ್ರೂ ಕೈ ಹೋಗಲಿಲ್ಲ. ಬೇರೆಯೋರ ಜಾಗ ಆಗೋಗಿತ್ತು ಅದು. ನನ್ನ ಹಟ ನನಗೇ ಹೆದರಿಕೆ ತಂತು."

ಅಕಿಹೊಗೆ ಕ್ಷಮೆಯ ಮಾತು ಬಾಯಿಯವರೆಗೂ ಬಂತು. ಅಜ್ಜಿ ಕೈ ಆಡಿಸಿ ತಡೆದಳು. ನೀರು ಆರುವುದರೊಳಗೆ ನಿಮ್ಮ ಕಡೆಯದನ್ನು ಮುಗಿಸಿ, ಶಾಲೆ ಹುಡುಗರು ಬರುವ ಹೊತ್ತಾಯಿತು ಎಂದಳು.

ನೊನೊಮುರ ಸೋಮವಾರ ಸಭೆಗೆ ಮುಂಚೆ ಬಂದ. ಆ ಹೊತ್ತಿಗೆ ಅಜ್ಜಿಯ ಒಂದಡಿಯಿಂದ ಪಕ್ಕದ ಮನೆಯವರು ಎದ್ದಿದ್ದರು, ಅವರ ಒಂದಡಿಯಿಂದ ಅದರಾಚೆಯವರು. ಕನ್ನಡಕದ ಅಂಗಡಿಯ ಕಡೆಯೂ ಹಾಗೆಯೇ. ಸೇತುವೆಯ ಹತ್ತಿರದ ಒಂದೆರಡು ಮನೆಗಳ ಮುಂದೆ ಮಾತ್ರ ಇನ್ನೂ ಹಳದಿ ಉಳಿದಿತ್ತು. ಆತ ಹೊಳೆಯುವ ಬೂಟು ಹಾಕಿಕೊಂಡು ಪಟ್ಟಿಯ ಮೇಲೆ ಮೆಲ್ಲಗೆ ನಡೆದ. ಯಂತ್ರ ಯಾವಾಗ ಬಂದಿತ್ತು ಎಂದು ಕೇಳಿದ. ಬಂದು ಆರು ದಿನವಾಯಿತು ಎಂದಳು ಅಕಿಹೊ.

"ಮತ್ತೆ ಯಾರು ಮಾಡಿದ್ದು?"

"ಅಕ್ಕಪಕ್ಕದವರು."

"ಇದನ್ನ ವರದೀಲಿ ಹೇಗೆ ಬರೆಯೋದು ಕುರೊಸೆ ಅವರೇ?"

"ಬರೀಬೇಡಿ ಸಾರ್. ತೊಟ್ಟಿ ಮುಂದೆ ಮಾತ್ರ ನಮ್ಮೋರು ಯಾರಾದ್ರೂ ದಿನಾ ಗುಡಿಸ್ಬೇಕು, ಅಷ್ಟು ಸಾಕು. ನಾನೇ ಬರ್ತೀನಿ."

ನೊನೊಮುರ ತಲೆ ವಾಲಿಸಿದ, ಹಲ್ಲಿನ ಸಂದಿಯಿಂದ ಉಸಿರೆಳೆದ. ಆದರೆ ಕಷ್ಟ ಎಂಬ ಮಾತು ಬರಲಿಲ್ಲ. ಆತ ಎಳೆದುಕೊಂಡ ಉಸಿರನ್ನು ಹಾಗೇ ಬಿಟ್ಟು, ಚಳಿ ಜಾಸ್ತಿ ಇದೆ ಎಂದು ಹೇಳಿ ಕಚೇರಿಯ ಕಡೆ ಹೊರಟ.

ಮಾರ್ಚಿನಲ್ಲಿ ಬಣ್ಣದ ಹೊಗೆ ಸೇತುವೆ ದಾಟಿ, ಹೈಸ್ಕೂಲಿನ ಗೇಟಿನವರೆಗೂ ಹೋಯಿತು. ಈ ಸಲವೂ ಅಕಿಹೊ ಟವೆಲ್ ಹಿಡಿದು ಆಚೆಯ ಮನೆಮನೆಗೆ ಹೋದಳು. ಸದ್ದಾಗುತ್ತದೆ, ಕ್ಷಮಿಸಿ ಎಂದಳು. ಕಸದ ಬಗ್ಗೆ ಒಂದಕ್ಷರ ಆಡಲಿಲ್ಲ. ಪಟ್ಟಿ ಒಣಗಿದ ಬೆಳಿಗ್ಗೆ ತೊಟ್ಟಿಯ ಮುಂದೆ ಗುಡಿಸುತ್ತಿದ್ದಾಗ ಕೊತೊಹ ನೀಲಿಯ ಮೇಲೆ ಹಾದುಹೋದಳು. ಅಮ್ಮನನ್ನು ಗುರುತೇ ಇಲ್ಲದವಳಂತೆ ಗೆಳತಿಯರ ಜೊತೆ ಹರಟುತ್ತ ಸೇತುವೆ ಹತ್ತಿ, ಆಚೆಗೆ ಇಳಿದಳು. ಪಕ್ಕದಲ್ಲಿ ಒಂದು ಲಾರಿ ಬಂತು. ಲಾರಿ ಪಟ್ಟಿಯಂಚಿನ ಬಿಳಿ ಗೆರೆಯ ಆ ಕಡೆಗೆ, ಹುಡುಗಿಯರು ಈ ಕಡೆಗೆ. ಅಕಿಹೊ ಲಾರಿ ಮರೆಯಾಗುವವರೆಗೂ ಪೊರಕೆ ಊರಿಕೊಂಡು ನೋಡಿದಳು.

ಹಿಂದೆ ಅಜ್ಜಿ ಬಂದು ನಿಂತಿದ್ದಳು. ತನ್ನ ಅಂಗಡಿಯ ಮುಂದಿನ ನೆಲವನ್ನು ಕಣ್ಣು ಕಿರಿದು ಮಾಡಿಕೊಂಡು ನೋಡಿದಳು.

"ಅಕಿಹೊ," ಎಂದಳು, ಅಷ್ಟು ದಿನದಲ್ಲಿ ಮೊದಲ ಬಾರಿಗೆ ಹೆಸರು ಹಿಡಿದು. "ನಿನ್ನೆ ನಮ್ಮ ಕಡೆ ಎರಡು ಬೆರಳು ಜಾಸ್ತಿ ಬಂದಿತ್ತು ಕಣಮ್ಮ."

ಅಕಿಹೊ ಬಗ್ಗಿ, ಇನ್ನು ಮೇಲೆ ನೋಡಿಕೊಂಡು ಗುಡಿಸ್ತೀನಿ ಅಜ್ಜಿ ಎಂದಳು. ಎರಡು ಬೆರಳು ಹಿಂದಕ್ಕೆ ಸರಿದು ಮತ್ತೆ ಗುಡಿಸತೊಡಗಿದಳು.